ಅಡುಗೆಮನೆಯ ಯಂತ್ರ ಕೈಕೊಟ್ಟಾಗ: ರಿಪೇರಿಯೋ, ಗುಜರಿಯೋ, ಹೊಸದೋ?

ಹಳೆಯದಾಯಿತು ಎಂಬ ಒಂದೇ ಕಾರಣಕ್ಕೆ ಯಾವ ಯಂತ್ರವೂ ಕೆಡುವುದಿಲ್ಲ. ಅದರೊಳಗಿನ ಒಂದು ಭಾಗ ಕೆಡುತ್ತದೆ, ಮಿಕ್ಕದ್ದೆಲ್ಲ ಚೆನ್ನಾಗಿಯೇ ಇರುತ್ತದೆ. ಹೆಚ್ಚಿನ ಸಲ ಆ ಭಾಗ ಸವೆಯಲೆಂದೇ ಮಾಡಿದ್ದು: ರಬ್ಬರ್ ರಿಂಗ್, ಕಪ್ಲರ್ (ಮೋಟಾರಿಗೂ ಜಾರಿಗೂ ನಡುವಿನ ಹಲ್ಲಿನ ಕೊಂಡಿ), ಕಾರ್ಬನ್ ಬ್ರಷ್ (ಮೋಟಾರಿನ ತಿರುಗುವ ಭಾಗಕ್ಕೆ ಕರೆಂಟ್ ಮುಟ್ಟಿಸುವ ತುಂಡು), ಬುಷ್ (ಶಾಫ್ಟ್ ತಿರುಗುವ ಬಳೆ). ಹಾಗಾಗಿ ಹೊಸದಕ್ಕೆ ದುಡ್ಡು ಕೊಡುವ ಮುನ್ನ ಕೆಟ್ಟಿದ್ದು ಯಾವುದು, ಯಾಕೆ ಕೆಟ್ಟಿತು ಎಂಬ ಎರಡೂ ಗೊತ್ತಾಗಬೇಕು. ‘ಯಾಕೆ’ ಗೊತ್ತಾಗದೆ ಹೊಸದನ್ನು ತಂದರೆ, ಅದೂ ಅದೇ ಸಡಿಲ ಸಾಕೆಟ್ಟಿಗೆ, ಅದೇ ಗಡಸು ನೀರಿಗೆ, ಅದೇ ಬಳಕೆಗೆ ಬಲಿಯಾಗುತ್ತದೆ.

ಮುಂದಿನ ಪರೀಕ್ಷೆಗಳಿಗೆ ಒಂದು ಸಾದಾ ಮಲ್ಟಿಮೀಟರ್ (ವೋಲ್ಟೇಜನ್ನೂ ಓಮ್ ಅಂದರೆ ವಿದ್ಯುತ್ ತಡೆಯನ್ನೂ ಅಳೆಯುವ ಉಪಕರಣ), ಸ್ಕ್ರೂಡ್ರೈವರ್, ಥರ್ಮಾಮೀಟರ್ ಮತ್ತು ಗಡಿಯಾರ ಸಾಕು. ಲೆಕ್ಕಗಳು 230 ವೋಲ್ಟ್ ಸರಬರಾಜಿಗೆ. ಯಂತ್ರ ಬಿಚ್ಚುವ ಯಾವ ಕೆಲಸಕ್ಕೂ ಮೊದಲು ಪ್ಲಗ್ ಕೀಳಬೇಕು, ಸ್ವಿಚ್ ಆರಿಸಿದರೆ ಸಾಲದು.

ಮೊದಲು ಸಾಕೆಟ್ ನೋಡಿ

ಕೆಟ್ಟಿದೆ ಎನ್ನುವ ಯಂತ್ರವನ್ನು ಬೇರೆ ಕೋಣೆಯ ಸಾಕೆಟ್ಟಿಗೆ ಹಾಕಿ. ಮೊದಲಿನ ಸಾಕೆಟ್ಟಿಗೆ ಸರಿಯಿರುವ ಬೇರೊಂದು ಯಂತ್ರವನ್ನು ಹಾಕಿ. ಅರ್ಧ ದೂರು ಇಲ್ಲೇ ಮುಗಿಯುತ್ತದೆ.

ಕಾಯಿಸುವ ಯಂತ್ರ ಹತ್ತು ನಿಮಿಷ ಓಡಿದ ಮೇಲೆ ಪ್ಲಗ್ ಮುಟ್ಟಲಾಗದಷ್ಟು ಬಿಸಿಯಾದರೆ, ಪಿನ್ ಕಪ್ಪಾಗಿದ್ದರೆ, ಸಾಕೆಟ್ಟಿನ ಒಳಗಿನ ಹಿತ್ತಾಳೆ ಪಟ್ಟಿ ಸಡಿಲವಾಗಿದೆ ಎಂದರ್ಥ. ಪ್ಲಗ್ ಮತ್ತು ಸಾಕೆಟ್ ಎರಡನ್ನೂ ಬದಲಿಸಿ. ಒಂದನ್ನೇ ಬದಲಿಸಿದರೆ ಸುಟ್ಟ ಭಾಗ ಹೊಸ ಭಾಗವನ್ನೂ ಹಾಳು ಮಾಡುತ್ತದೆ. 2000 ವಾಟ್‌ನ ಇಂಡಕ್ಷನ್ ಸ್ಟೌವ್ ಸುಮಾರು 8.7 ಆಂಪಿಯರ್ ಎಳೆಯುತ್ತದೆ. ಅದಕ್ಕೆ 16 ಆಂಪಿಯರ್‌ನ ದೊಡ್ಡ ಸಾಕೆಟ್ ಬೇಕು, ತೆಳು ವೈರಿನ ಎಕ್ಸ್‌ಟೆನ್ಷನ್ ಬೋರ್ಡ್ ಬೇಡವೇ ಬೇಡ.

‘ಮೊದಲಿನಷ್ಟು ಬೇಗ ಕಾಯುವುದಿಲ್ಲ’ ಎಂಬ ದೂರಿಗೆ ವೋಲ್ಟೇಜ್ ಅಳೆಯಿರಿ: ಒಮ್ಮೆ ಯಂತ್ರ ಆರಿಸಿ, ಒಮ್ಮೆ ಓಡಿಸಿ, ಅದೇ ಬೋರ್ಡಿನ ಪಕ್ಕದ ಸಾಕೆಟ್ಟಿನಲ್ಲಿ. ಎರಡರ ನಡುವೆ ಹತ್ತು ಹನ್ನೆರಡು ವೋಲ್ಟ್‌ಗಿಂತ ಹೆಚ್ಚು ಇಳಿಕೆ ಕಂಡರೆ ವೈರಿಂಗ್‌ನಲ್ಲಿ ಎಲ್ಲೋ ಸಡಿಲ ಜೋಡಣೆಯಿರಬಹುದು. ಹೀಟರಿನ ಶಕ್ತಿ ವೋಲ್ಟೇಜಿನ ವರ್ಗಕ್ಕೆ ತಕ್ಕಂತೆ ಇಳಿಯುತ್ತದೆ: 230ರ ಬದಲು 200 ವೋಲ್ಟ್ ಬಂದರೆ ಕಾವು ಶೇ. 13 ಅಲ್ಲ, ಸುಮಾರು ಶೇ. 24ರಷ್ಟು ಕಡಿಮೆಯಾಗುತ್ತದೆ. ಅಂಥ ಮನೆಗೆ ಹೊಸ ಕೆಟಲ್ ತಂದರೂ ಅದು ನಿಧಾನವೇ.

ಲೋಹದ ಮೈ ಮುಟ್ಟಿದರೆ ಜುಮ್ಮೆನ್ನುವುದು, ಪ್ಲಗ್ ಹಾಕಿದೊಡನೆ, ಕರೆಂಟ್ ಸೋರಿದರೆ ತಾನೇ ಆರುವ ಸುರಕ್ಷಾ ಸ್ವಿಚ್ಚಾದ ಆರ್‌ಸಿಸಿಬಿ ಬೀಳುವುದು ಕಡೆಗಣಿಸುವ ವಿಷಯವಲ್ಲ. ಮಲ್ಟಿಮೀಟರಿನಲ್ಲಿ ಪ್ಲಗ್‌ನ ಕರೆಂಟ್ ಪಿನ್ನಿಗೂ ಲೋಹದ ಮೈಗೂ ನಡುವೆ ಓಮ್ ನೋಡಿ. ಏನಾದರೂ ಅಂಕಿ ಬಂದರೆ ಸೋರಿಕೆ ಖಚಿತ. ಏನೂ ಬಾರದಿದ್ದರೆ ಯಂತ್ರ ಸುರಕ್ಷಿತ ಎಂದು ಮಾತ್ರ ತಿಳಿಯಬೇಡಿ. ಮಲ್ಟಿಮೀಟರ್ ಕೆಲವೇ ವೋಲ್ಟ್‌ನಲ್ಲಿ ಪರೀಕ್ಷಿಸುತ್ತದೆ. ಪೂರ್ತಿ ನಂಬಿಕೆಗೆ 500 ವೋಲ್ಟ್‌ನ ಮೆಗ್ಗರ್ (ಸೋರಿಕೆ ಪರೀಕ್ಷಿಸುವ ಮೀಟರ್) ಬೇಕು, ಅದು ಮೆಕ್ಯಾನಿಕ್ ಬಳಿ ಇರುತ್ತದೆ.

ಮಿಕ್ಸಿ

ಗುಜರಿಗೆ ಹೋಗಬಾರದಾಗಿದ್ದ ಯಂತ್ರಗಳಲ್ಲಿ ಮೊದಲ ಸ್ಥಾನ ಇದಕ್ಕೇ. ಪರೀಕ್ಷೆ ಶುರುವಾಗುವುದು ಜಾರ್ ತೆಗೆಯುವುದರಿಂದ. ಜಾರ್ ಇಲ್ಲದೆ ಒಂದನೇ ವೇಗದಲ್ಲಿ ಎರಡು ಸೆಕೆಂಡ್ ಓಡಿಸಿ. ಅದಕ್ಕಿಂತ ಹೆಚ್ಚು ಬೇಡ, ಹೊರೆಯಿಲ್ಲದಾಗ ಈ ಮೋಟಾರಿನ ವೇಗ ವಿಪರೀತ ಏರುತ್ತದೆ. (ಜಾರ್ ಲಾಕ್ ಇರುವ ಮಾದರಿ ಜಾರ್ ಇಲ್ಲದೆ ಓಡುವುದೇ ಇಲ್ಲ, ಅದಕ್ಕೆ ಖಾಲಿ ಜಾರ್ ಕೂರಿಸಿ ನೋಡಿ, ಒಂದು ಜಾರಿನಲ್ಲಿ ಓಡದಿದ್ದರೆ ಇನ್ನೊಂದರಲ್ಲಿ.) ಜಾರ್ ಇಲ್ಲದಾಗ ನಯವಾಗಿ ಓಡಿ, ಜಾರ್ ಇಟ್ಟಾಗ ತಿಣುಕಿದರೆ ತಪ್ಪು ಜಾರಿನದು. ಮೋಟಾರನ್ನು ಬಯ್ಯುವ ಅಗತ್ಯವಿಲ್ಲ.

ಜಾರನ್ನು ಬೋರಲು ಹಿಡಿದು ತಳದ ಕಪ್ಲರನ್ನು ಬೆರಳಿನಿಂದ ತಿರುಗಿಸಿ. ಸಲೀಸಾಗಿ ತಿರುಗಬೇಕು, ಆದರೆ ಅತ್ತಿತ್ತ ಅಲುಗಬಾರದು. ಬಿಗಿಯಾಗಿದ್ದರೆ ಬುಷ್‌ನೊಳಗೆ ರುಬ್ಬಿದ್ದು ಒಣಗಿ ಕೂತಿದೆ. ಬಿಸಿನೀರು ಹಾಕಿ ಅರ್ಧ ಗಂಟೆ ಬಿಟ್ಟು, ತಿರುಗಿಸಿ ತಿರುಗಿಸಿ ಸಡಿಲಿಸಿ, ಒಣಗಿದ ಮೇಲೆ ಎರಡು ಹನಿ ಅಡುಗೆ ಎಣ್ಣೆ ಬಿಡಿ. ಅಲುಗಾಡಿದರೆ ಬುಷ್ ಸವೆದಿದೆ. ಬುಷ್, ಶಾಫ್ಟ್, ಬ್ಲೇಡ್, ವಾಷರ್ ಸೇರಿದ ಸೆಟ್ಟನ್ನೇ ಒಟ್ಟಿಗೆ ಬದಲಿಸುವುದು ಲೇಸು. ಸವೆದ ಶಾಫ್ಟಿಗೆ ಹೊಸ ಬುಷ್ ಹಾಕಿದರೆ ಕೆಲವೇ ತಿಂಗಳಲ್ಲಿ ಮತ್ತೆ ಸೋರುತ್ತದೆ.

ಸೋರುವ ಜಾರನ್ನು ‘ಸ್ವಲ್ಪ ತಾನೇ’ ಎಂದು ಬಿಡುವವರೇ ಹೆಚ್ಚು. ಮೋಟಾರನ್ನು ಕೊಲ್ಲುವುದೇ ಅದು. ತಳದಿಂದ ಇಳಿದ ನೀರು ನೇರವಾಗಿ ಮೋಟಾರಿನ ಮೇಲಿನ ಬೇರಿಂಗಿಗೆ ಹೋಗುತ್ತದೆ, ಬೇರಿಂಗ್ ಬಿಗಿಯಾಗುತ್ತದೆ, ಮೋಟಾರ್ ಹೆಚ್ಚು ಕರೆಂಟ್ ಎಳೆದು ಕಾಯುತ್ತದೆ, ಕೊನೆಗೆ ವೈಂಡಿಂಗ್ (ಮೋಟಾರಿನ ತಂತಿಯ ಸುರುಳಿ) ಸುಡುತ್ತದೆ. ಆಗ ಬರುವ ಮಾತು ‘ಮೋಟಾರ್ ಹೋಯಿತು, ಹೊಸದು ತಗೊಳ್ಳಿ’. ಮೂಲ ಒಂದು ರಬ್ಬರ್ ವಾಷರ್.

ಮೋಟಾರ್ ಸದ್ದು ಬರುತ್ತದೆ, ಬ್ಲೇಡ್ ತಿರುಗುವುದಿಲ್ಲ ಎಂದರೆ ಕಪ್ಲರಿನ ಹಲ್ಲು ಸವೆದಿದೆ. ಮೋಟಾರಿನ ಮೇಲಿನ ಕಪ್ಲರ್ ಬಿಚ್ಚುವಾಗ ಒಂದು ಗುಟ್ಟು ಗೊತ್ತಿರಬೇಕು: ಮೋಟಾರ್ ಓಡುವಾಗ ಹೊರೆಯಿಂದಲೇ ಬಿಗಿಯಾಗುವಂತೆ ಅದರ ತಿರುಪಿನ ಎಳೆಯನ್ನು (ಥ್ರೆಡ್) ಕೊರೆದಿರುತ್ತಾರೆ. ಆದ್ದರಿಂದ ಮೋಟಾರ್ ಯಾವ ದಿಕ್ಕಿಗೆ ಸುತ್ತುತ್ತದೋ ಅದೇ ದಿಕ್ಕಿಗೆ ಕಪ್ಲರನ್ನು ತಿರುಗಿಸಿದರೆ ಬಿಚ್ಚುತ್ತದೆ. ಉಲ್ಟಾ ತಿರುಗಿಸಿ ಬಲ ಹಾಕಿದರೆ ಶಾಫ್ಟ್ ಮುರಿದು ಕೈಗೆ ಬರುತ್ತದೆ. ತಳದ ಕಡೆಯಿಂದ ಶಾಫ್ಟನ್ನು ಹಿಡಿದುಕೊಂಡೇ ಮಾಡಿ. ಜಾರಿನ ಕಪ್ಲರನ್ನೂ ಜೊತೆಗೇ ಬದಲಿಸಿ.

ಏನೂ ಸದ್ದಿಲ್ಲ ಎಂದಾಗ ಮೊದಲು ತಳದಲ್ಲಿರುವ ಕೆಂಪು ಓವರ್‌ಲೋಡ್ ಬಟನ್ ನೋಡಿ. ಹತ್ತು ಹದಿನೈದು ನಿಮಿಷ ಆರಲು ಬಿಟ್ಟು ಒತ್ತಿ. ಖಾಲಿ ಜಾರಿಗೂ ಅದು ಮತ್ತೆ ಬಿದ್ದರೆ ಎಲ್ಲೋ ಬಿಗಿತವಿದೆ ಅಥವಾ ವೈಂಡಿಂಗ್ ಶಾರ್ಟ್ ಆಗಿದೆ. ಒಂದು ವೇಗದಲ್ಲಿ ಮಾತ್ರ ಓಡುತ್ತದೆ ಎಂದರೆ ಬಹುಪಾಲು ಸ್ವಿಚ್‌ನ ತಪ್ಪು, ಮೋಟಾರ್ ಚೆನ್ನಾಗಿದೆ. ವೈರ್ ಮುರಿಯುವುದು ಪ್ಲಗ್ ಬಳಿ ಅಥವಾ ಯಂತ್ರದೊಳಗೆ ಹೋಗುವ ಜಾಗದಲ್ಲಿ; ಮಲ್ಟಿಮೀಟರನ್ನು ಬೀಪ್‌ಗೆ ಇಟ್ಟು ವೈರನ್ನು ಅಲ್ಲಲ್ಲಿ ಬಗ್ಗಿಸಿದರೆ ಸದ್ದು ತಪ್ಪುವ ಜಾಗ ಸಿಗುತ್ತದೆ.

ಓಡುತ್ತಾ ಓಡುತ್ತಾ ನಿಲ್ಲುವುದು, ತಟ್ಟಿದರೆ ಮತ್ತೆ ಓಡುವುದು ಕಾರ್ಬನ್ ಬ್ರಷ್‌ನ ಲಕ್ಷಣ. 5 ಮಿಲಿಮೀಟರಿಗಿಂತ ಗಿಡ್ಡವಾಗಿದ್ದರೆ, ಇಲ್ಲವೇ ಮೂಲ ಉದ್ದದ ಮೂರನೇ ಒಂದು ಭಾಗವೂ ಉಳಿದಿಲ್ಲದಿದ್ದರೆ ಬದಲಿಸಿ, ಎರಡನ್ನೂ ಒಟ್ಟಿಗೆ. ಹೊಸ ಬ್ರಷ್ ಹೋಲ್ಡರಿನೊಳಗೆ ತಡೆಯಿಲ್ಲದೆ ಜಾರಬೇಕು, ಸ್ಪ್ರಿಂಗ್ ಪುಟಿಯಬೇಕು. ಮೊದಲ ಕೆಲವು ಸಲ ಖಾಲಿ ಜಾರಿನಲ್ಲಿ ಕಡಿಮೆ ವೇಗದಲ್ಲಿ ಬಿಟ್ಟುಬಿಟ್ಟು ಓಡಿಸಿದರೆ ಅದರ ಮುಖ ಕಮ್ಯುಟೇಟರಿನ (ಬ್ರಷ್ ಉಜ್ಜುವ, ತಾಮ್ರದ ಪಟ್ಟಿಗಳ ಉರುಳೆ) ದುಂಡಗೆ ಹೊಂದಿಕೊಳ್ಳುತ್ತದೆ. ಕಮ್ಯುಟೇಟರ್ ಕಪ್ಪಾಗಿದ್ದರೆ ನುಣ್ಣನೆಯ ಸ್ಯಾಂಡ್‌ಪೇಪರಿನಿಂದ ಹಗುರವಾಗಿ ಉಜ್ಜಿ, ಪಟ್ಟಿಗಳ ನಡುವಿನ ಪುಡಿಯನ್ನು ಹಲ್ಲುಜ್ಜುವ ಬ್ರಷ್‌ನಿಂದ ಕೆರೆದು ತೆಗೆಯಿರಿ. ಎಮರಿ ಬೇಡ.

ಬ್ರಷ್ ತುದಿಯಲ್ಲಿ ಸಣ್ಣ ನೀಲಿ ಕಿಡಿ ಸಹಜ. ಕಿಡಿ ಕಮ್ಯುಟೇಟರಿನ ಸುತ್ತ ಬಳೆಯಂತೆ ಹರಡಿದರೆ ಆರ್ಮೇಚರ್ (ಮೋಟಾರಿನ ತಿರುಗುವ ಭಾಗ) ಕೆಟ್ಟಿದೆ. ಖಚಿತಪಡಿಸಿಕೊಳ್ಳಲು ಅಕ್ಕಪಕ್ಕದ ಎರಡೆರಡು ಪಟ್ಟಿಗಳ ನಡುವೆ ಓಮ್ ಅಳೆಯುತ್ತಾ ಸುತ್ತು ಬನ್ನಿ. ಎಲ್ಲ ಕಡೆ ಹೆಚ್ಚುಕಡಿಮೆ ಒಂದೇ ಬರಬೇಕು. ಒಂದು ಕಡೆ ಮಾತ್ರ ಬಹಳ ಬೇರೆ ಬಂದರೆ ಅಲ್ಲಿ ಸುರುಳಿ ಕಡಿದಿದೆ ಅಥವಾ ಕೂಡಿಕೊಂಡಿದೆ. ಬದಲಿ ಆರ್ಮೇಚರ್ ಸಿಗದಿದ್ದರೆ, ಸಿಕ್ಕರೂ ಹೊಸ ಯಂತ್ರದ ಅರ್ಧ ಬೆಲೆ ದಾಟಿದರೆ, ಆಗ ಮಿಕ್ಸಿ ಮುಗಿಯಿತು ಎನ್ನಬಹುದು. ಜಾರ್‌ಗಳನ್ನು ಎಸೆಯಬೇಡಿ, ಅದೇ ಮಾದರಿಯ ಹೊಸ ಯಂತ್ರಕ್ಕೆ ಹೊಂದುತ್ತವೆ.

ಕೆಟಲ್, ಟೋಸ್ಟರ್

ಹೀಟರ್ ಬದುಕಿದೆಯೋ ಇಲ್ಲವೋ ಎಂಬುದು ಒಂದು ಭಾಗಾಕಾರದಲ್ಲಿ ಗೊತ್ತಾಗುತ್ತದೆ. ವೋಲ್ಟೇಜಿನ ವರ್ಗವನ್ನು ವಾಟ್‌ನಿಂದ ಭಾಗಿಸಿ: 1500 ವಾಟ್ ಕೆಟಲ್‌ಗೆ ಸುಮಾರು 35 ಓಮ್, 1000 ವಾಟಿಗೆ 53, 2000 ವಾಟಿಗೆ 26. ಕೆಟಲ್‌ನ ಸ್ವಿಚ್ ಒತ್ತಿಟ್ಟು, ತಳದ ಕನೆಕ್ಟರಿನ ಎರಡು ಕರೆಂಟ್ ತುದಿಗಳ ನಡುವೆ ಅಳೆಯಿರಿ. ಈ ಸಂಖ್ಯೆ ಬಂದರೆ ಎಲಿಮೆಂಟ್ (ಹೀಟರಿನ ಕಾಯುವ ಸುರುಳಿ), ಥರ್ಮೋಸ್ಟಾಟ್, ಸ್ವಿಚ್ ಮೂರೂ ಸರಿ. ತಪ್ಪು ತಳದ ತಟ್ಟೆಯಲ್ಲಿ ಅಥವಾ ವೈರಿನಲ್ಲಿ. ಏನೂ ಬಾರದಿದ್ದರೆ ಸ್ವಿಚ್ಚನ್ನು ಬದಿಗಿಟ್ಟು ನೇರವಾಗಿ ಎಲಿಮೆಂಟಿನ ತುದಿಗಳಲ್ಲಿ ಅಳೆಯಿರಿ. ಅಲ್ಲೂ ಇಲ್ಲವೆಂದರೆ, ಎಲಿಮೆಂಟ್ ತಳಕ್ಕೇ ಬೆಸೆದ ಕೆಟಲ್ ರಿಪೇರಿಗೆ ಬಾರದು.

ಕುದಿಯುವ ಮುನ್ನವೇ ಆರುತ್ತದೆ ಎಂದರೆ ತಳದ ಮೇಲೆ ಸುಣ್ಣದ ಪೊರೆ ಕಟ್ಟಿದೆ. ಪೊರೆ ಕಾವನ್ನು ನೀರಿಗೆ ಹೋಗಲು ಬಿಡದೆ ತಳದಲ್ಲೇ ಹಿಡಿದಿಡುವುದರಿಂದ, ನೀರಿಲ್ಲದಾಗ ಆರಿಸಬೇಕಾದ ಥರ್ಮೋಸ್ಟಾಟ್ ಮೊದಲೇ ಎಗರುತ್ತದೆ. ಒಂದು ಲೀಟರ್ ನೀರಿಗೆ 30 ಗ್ರಾಂ ಸಿಟ್ರಿಕ್ ಆಮ್ಲ (ಸುಮಾರು ಎರಡು ದೊಡ್ಡ ಚಮಚ) ಹಾಕಿ, ಚೆನ್ನಾಗಿ ಬಿಸಿಯಾದೊಡನೆ ಆರಿಸಿ ಅರ್ಧ ಗಂಟೆ ಬಿಡಿ. ಕುದಿಸಬೇಡಿ, ಹೆಚ್ಚು ಕಾವಿನಲ್ಲಿ ಕ್ಯಾಲ್ಸಿಯಂ ಸಿಟ್ರೇಟ್ ಬೇರೆ ಬಗೆಯ ಪೊರೆಯಾಗಿ ಕೂರಬಹುದು. ತೊಳೆದು, ಎರಡು ಸಲ ಬರಿ ನೀರು ಕುದಿಸಿ ಚೆಲ್ಲಿ. ಕುದಿದರೂ ಆರುವುದಿಲ್ಲ ಎಂಬುದು ಇದಕ್ಕೆ ಉಲ್ಟಾ: ಮುಚ್ಚಳ ಸರಿಯಾಗಿ ಕೂರುತ್ತಿಲ್ಲ, ಅಥವಾ ಹಿಡಿಕೆಯ ಕಡೆಗೆ ಹಬೆ ಒಯ್ಯುವ ಕಿಂಡಿ ಕಟ್ಟಿಕೊಂಡಿದೆ. ಹಬೆ ತಲುಪಿದರೆ ಮಾತ್ರ ಸ್ವಿಚ್ ಬೀಳುತ್ತದೆ.

ಟೋಸ್ಟರ್ ಬಗ್ಗೆ ಒಂದೇ ಮಾತು. ಲಿವರ್ ಕೆಳಗೆ ನಿಲ್ಲದಿದ್ದರೆ ಕೊಕ್ಕೆ ಮುರಿದಿದೆ ಎಂದುಕೊಳ್ಳುತ್ತಾರೆ. ಹೆಚ್ಚಿನವುಗಳಲ್ಲಿ ಅದನ್ನು ಹಿಡಿದಿಡುವುದು ವಿದ್ಯುತ್ಕಾಂತ. ಕರೆಂಟ್ ಬಾರದೆ ಅದು ನಿಲ್ಲುವುದೇ ಇಲ್ಲ. ಪ್ಲಗ್, ಸಾಕೆಟ್ ನೋಡಿ, ಆಮೇಲೆ ಪ್ಲಗ್ ಕಿತ್ತು ಕಾಂತದ ಮುಖದ ಮೇಲೆ ಕೂತ ಪುಡಿಯನ್ನು ಉದುರಿಸಿ.

ಪ್ರೆಷರ್ ಕುಕ್ಕರ್

ಅಂಚಿನಿಂದ ಹಬೆ ಬಂದರೆ ಗ್ಯಾಸ್ಕೆಟ್ ಗಟ್ಟಿಯಾಗಿದೆ ಅಥವಾ ಹಿಗ್ಗಿದೆ. ಬೆರಳಲ್ಲಿ ಮಡಚಿ ನೋಡಿ, ಬಿರುಕು ಕಂಡರೆ ಬದಲಿಸಿ. ಫ್ರೀಜರಿನಲ್ಲಿಟ್ಟು ಕುಗ್ಗಿಸುವುದು ಒಂದೆರಡು ದಿನದ ಉಪಾಯವಷ್ಟೇ. ಅಂಚು ಸರಿಯಿದ್ದೂ ಸೀಟಿ ಬಾರದಿದ್ದರೆ ವೆಯ್ಟ್ ಕೂರುವ ನಳಿಗೆಯನ್ನು ಬೆಳಕಿಗೆ ಹಿಡಿದು ಆಚೆ ಕಾಣುತ್ತದೆಯೇ ನೋಡಿ. ಕಾಣದಿದ್ದರೆ ಅದು ಅಪಾಯ.

ಸೇಫ್ಟಿ ವಾಲ್ವ್ ಹಾರುವುದು ವಾಲ್ವ್ ಕೆಟ್ಟಿದ್ದರಿಂದಲ್ಲ, ಕೆಲಸ ಮಾಡಿದ್ದರಿಂದ. ನಳಿಗೆ ಕಟ್ಟಿತ್ತು, ನೀರು ಬತ್ತಿತ್ತು, ಅಥವಾ ಅತಿಯಾಗಿ ತುಂಬಿತ್ತು. ಮೂರನೇ ಎರಡು ಭಾಗಕ್ಕಿಂತ ಹೆಚ್ಚು ತುಂಬಬಾರದು; ನೊರೆ ಬರುವ, ಉಬ್ಬುವ ಪದಾರ್ಥವಾದರೆ ಅರ್ಧವೇ ಮಿತಿ. ಆ ಕಂಪನಿಯ, ಆ ಮಾದರಿಯ ವಾಲ್ವನ್ನೇ ಹಾಕಿ. ಒಳಗಿನ ಮಿಶ್ರಲೋಹ ನಿಗದಿತ ಕಾವಿಗೆ ಕರಗಬೇಕು. ಕುಕ್ಕರಿನೊಳಗೆ ವಾತಾವರಣದ ಮೇಲೆ ಇನ್ನೂ ಒಂದು ಬಾರ್ ಒತ್ತಡ, ಸುಮಾರು 120 ಡಿಗ್ರಿ ಸೆಲ್ಸಿಯಸ್ ಕಾವಿರುತ್ತದೆ. ಕೈಗೆ ಸಿಕ್ಕ ವಾಲ್ವ್ ಹಾಕುವ ಜಾಗ ಅದಲ್ಲ. ನೀರಿಲ್ಲದೆ ಕಾದು ತಳ ಉಬ್ಬಿದ, ಮುಚ್ಚಳದ ಕಚ್ಚುಗಳು ಸವೆದ ಕುಕ್ಕರನ್ನು ರಿಪೇರಿಗೂ ಒಯ್ಯಬೇಡಿ, ಗುಜರಿಗೆ ಹಾಕಿ.

ಇಂಡಕ್ಷನ್, ಮೈಕ್ರೋವೇವ್

ಇಂಡಕ್ಷನ್ ಸ್ಟೌವ್ ಬೀಪ್ ಎಂದು ಆರಿದರೆ ಪಾತ್ರೆಯ ತಳಕ್ಕೆ ಆಯಸ್ಕಾಂತ ಹಿಡಿಯಿರಿ. ಅಂಟದಿದ್ದರೆ ಪಾತ್ರೆಯದೇ ತಪ್ಪು. ಕೆಲ ನಿಮಿಷ ಕಾದು ಆರಿದರೆ ತಳದ ಫ್ಯಾನಿನ ಜಾಲರಿಯ ಜಿಡ್ಡು ತೆಗೆಯಿರಿ. ಪೂರ್ತಿ ಸತ್ತಿದ್ದರೆ ಒಳಗಿನ ಫ್ಯೂಸ್ ಸುಟ್ಟಿರುತ್ತದೆ, ಆದರೆ ಫ್ಯೂಸ್ ಮಾತ್ರ ಹಾಕಿಸುವುದು ದಂಡ. ಅದು ಸುಡುವುದು ಬೋರ್ಡಿನ ಐಜಿಬಿಟಿ (ಕರೆಂಟನ್ನು ವೇಗವಾಗಿ ಆನ್-ಆಫ್ ಮಾಡುವ ಭಾಗ) ಅಥವಾ ಬ್ರಿಡ್ಜ್ ರೆಕ್ಟಿಫೈಯರ್ (ಎಸಿಯನ್ನು ಡಿಸಿ ಮಾಡುವ ಭಾಗ) ಶಾರ್ಟ್ ಆದಾಗ. ಅವನ್ನು ಅಳೆಯದೆ ಹಾಕಿದ ಹೊಸ ಫ್ಯೂಸ್ ಅದೇ ಕ್ಷಣ ಹೋಗುತ್ತದೆ. ಬೆಚ್ಚಗಿರುವ ಬೋರ್ಡಿಗೆ ಜಿರಳೆ ಸೇರುವುದೂ ಸಾಮಾನ್ಯ ಕಾರಣವೇ. ಗಾಜು ಬಿರುಕು ಬಿಟ್ಟರೆ ಅಂದೇ ಪ್ಲಗ್ ಕೀಳಿ, ಬಿರುಕಿನ ಮೂಲಕ ನೀರು ನೇರ ಕರೆಂಟಿಗೆ ಇಳಿಯುತ್ತದೆ.

ಮೈಕ್ರೋವೇವ್ ಸೋತಿದೆಯೇ ಎಂದು ತಿಳಿಯಲು ಒಂದು ಲೀಟರ್ ನೀರಿನ ಕಾವು ಅಳೆದು, ಪೂರ್ಣ ಶಕ್ತಿಯಲ್ಲಿ ಸರಿಯಾಗಿ ಎರಡು ನಿಮಿಷ ಕಾಯಿಸಿ, ಕಲಕಿ ಮತ್ತೆ ಅಳೆಯಿರಿ. ಎಷ್ಟು ಡಿಗ್ರಿ ಏರಿತೋ ಅದನ್ನು 35ರಿಂದ ಗುಣಿಸಿದರೆ ಹೆಚ್ಚುಕಡಿಮೆ ವಾಟ್ ಬರುತ್ತದೆ. 800 ವಾಟ್‌ನದು ಸುಮಾರು 23 ಡಿಗ್ರಿ ಏರಿಸಬೇಕು; 15 ಮಾತ್ರ ಏರಿಸಿದರೆ, ವೋಲ್ಟೇಜ್ ಸರಿಯಿದ್ದಲ್ಲಿ, ಮ್ಯಾಗ್ನೆಟ್ರಾನ್ (ಅಲೆಗಳನ್ನು ಹುಟ್ಟಿಸುವ ಭಾಗ) ದಣಿದಿದೆ. ಒಳಗೆ ಕಿಡಿ ಹಾರಿದರೆ ಗಾಬರಿ ಬೇಡ, ಹೆಚ್ಚಿನ ಸಲ ಪಕ್ಕದ ಗೋಡೆಯ ಮೈಕಾ ಹಾಳೆಗೆ ಜಿಡ್ಡು ಸಿಡಿದು ಸುಟ್ಟಿರುತ್ತದೆ. ಅದೇ ಅಳತೆಗೆ ಕತ್ತರಿಸಿ ಹೊಸದು ಹಾಕಿ. ಇಷ್ಟು ಬಿಟ್ಟು ಹೊರಕವಚವನ್ನು ಮನೆಯಲ್ಲಿ ತೆರೆಯಲೇಬೇಡಿ. ಪ್ಲಗ್ ಕಿತ್ತ ಮೇಲೂ ಕೆಪಾಸಿಟರಿನಲ್ಲಿ ಪ್ರಾಣ ತೆಗೆಯುವ ಚಾರ್ಜ್ ಉಳಿದಿರಬಹುದು.

ಫ್ರಿಜ್: ಗ್ಯಾಸ್ ತುಂಬಿಸುವ ಮುನ್ನ

ಫ್ರಿಜ್ ತಣ್ಣಗಾಗದಿದ್ದರೆ ಎಲ್ಲರೂ ಹೇಳುವುದು ಗ್ಯಾಸ್ ಖಾಲಿಯಾಗಿದೆ ಎಂದು. ಗ್ಯಾಸ್ ಖರ್ಚಾಗುವ ವಸ್ತುವಲ್ಲ. ಕಡಿಮೆಯಾಗಿದ್ದರೆ ಎಲ್ಲೋ ಸೋರಿದೆ. ಸೋರಿಕೆ ಹುಡುಕದೆ ತುಂಬಿಸಿದ ಗ್ಯಾಸ್ ಮತ್ತೆ ಹೋಗುತ್ತದೆ.

ಒಂದು ಲೋಟ ನೀರಿನಲ್ಲಿ ಥರ್ಮಾಮೀಟರ್ ಇಟ್ಟು ನಡುವಿನ ಅರೆಯಲ್ಲಿ ಒಂದು ರಾತ್ರಿ ಬಿಡಿ. 4 ಡಿಗ್ರಿಯೊಳಗಿದ್ದರೆ ಫ್ರಿಜ್ ಸರಿಯಿದೆ. ಹೆಚ್ಚಿದ್ದರೆ ಬಾಗಿಲಿನ ರಬ್ಬರಿಗೆ ಕಾಗದ ಸಿಕ್ಕಿಸಿ ಎಳೆಯಿರಿ. ಎಲ್ಲ ಕಡೆ ಹಿಡಿತ ಸಿಗಬೇಕು. ಹಿಂದಿನ ಅಥವಾ ತಳದ ಕಾಯಿಲ್‌ಗಳ ಧೂಳು ತೆಗೆದು, ಗೋಡೆಯಿಂದ ನಾಲ್ಕು ಬೆರಳು ದೂರ ಸರಿಸಿ.

ಫ್ರಾಸ್ಟ್‌ಫ್ರೀ ಫ್ರಿಜ್‌ನ ಫ್ರೀಜರ್ ತಣ್ಣಗಿದ್ದು ಕೆಳಭಾಗ ಬೆಚ್ಚಗಿದ್ದರೆ ಗಾಳಿ ಇಳಿಯುತ್ತಿಲ್ಲ. ಒಳಗಿನ ಫ್ಯಾನಿನ ಸದ್ದು ಕೇಳುತ್ತಿದ್ದರೆ ಹೀಗೆ ಮಾಡಿ: ಎಲ್ಲ ಖಾಲಿ ಮಾಡಿ, ಪ್ಲಗ್ ಕಿತ್ತು, ಬಾಗಿಲು ತೆರೆದು, ಬಟ್ಟೆ ಹಾಸಿ, ಒಳಗೆ ಕಟ್ಟಿದ ಮಂಜು ಕರಗಲು 24 ಗಂಟೆ ಬಿಡಿ. ಮತ್ತೆ ಓಡಿಸಿದಾಗ ಕೆಲವು ದಿನ ಚೆನ್ನಾಗಿದ್ದು ಆಮೇಲೆ ಕೈಕೊಟ್ಟರೆ, ಮಂಜು ಕರಗಿಸುವ ಹೀಟರ್, ಅದರ ಥರ್ಮೋಸ್ಟಾಟ್ ಅಥವಾ ಟೈಮರ್ ಕೆಟ್ಟಿದೆ. ಕಂಪ್ರೆಸರಿಗಾಗಲಿ ಗ್ಯಾಸಿಗಾಗಲಿ ಈ ತೊಂದರೆಯೊಡನೆ ಸಂಬಂಧವಿಲ್ಲ. ಈ ಒಂದು ಪರೀಕ್ಷೆಯ ಫಲಿತಾಂಶ ಹೇಳಿದರೆ ಮೆಕ್ಯಾನಿಕ್‌ನ ಮಾತಿನ ಧಾಟಿಯೇ ಬದಲಾಗುತ್ತದೆ.

ಕಂಪ್ರೆಸರ್ ಕೆಲ ನಿಮಿಷಕ್ಕೊಮ್ಮೆ ‘ಟಕ್’ ಎಂದು ಸುಮ್ಮನಾದರೆ ಮೊದಲ ಅನುಮಾನ ಸ್ಟಾರ್ಟ್ ರಿಲೇ (ಕಂಪ್ರೆಸರನ್ನು ಶುರು ಮಾಡಿಸುವ ಭಾಗ) ಮೇಲೆ. ಬಿಚ್ಚಿದ ರಿಲೇ ಅಲುಗಿಸಿದಾಗ ಗಲಗಲ ಎಂದರೆ ಒಳಗಿನ ಬಿಲ್ಲೆ ಒಡೆದಿದೆ. ಚಿಕ್ಕ ಬದಲಿ ಭಾಗ ಸಾಕು. ಹಲವು ಹೊಸ ಫ್ರಿಜ್‌ಗಳಲ್ಲಿ ಆರ್ 600ಎ ಎಂಬ ಉರಿಯುವ ಅನಿಲವಿದೆ, ಫಲಕದಲ್ಲಿ ಬರೆದಿರುತ್ತದೆ. ಪೈಪ್ ಬೆಸೆಯುವ ಕೆಲಸ ಅದನ್ನು ಬಲ್ಲವರಿಗೇ ಬಿಡಿ.

ಯಾವಾಗ ಬಿಟ್ಟುಕೊಡಬೇಕು

ರಿಪೇರಿ ಖರ್ಚು ಹೊಸದರ ಅರ್ಧ ದಾಟಿದರೆ ಹೊಸದು ತಗೊಳ್ಳಿ ಎಂಬ ಲೆಕ್ಕ ಪ್ರಚಲಿತ. ಅದನ್ನು ಕುರುಡಾಗಿ ನಂಬಬಾರದು. ಕಾರಣ ಗೊತ್ತಿರುವ, ಒಂದೇ ಭಾಗದ ದುಬಾರಿ ರಿಪೇರಿ, ಕಾರಣ ಗೊತ್ತಿಲ್ಲದೆ ಮರುಕಳಿಸುವ ಅಗ್ಗದ ರಿಪೇರಿಗಿಂತ ಮೇಲು. ಅದೇ ಭಾಗ ವರ್ಷದೊಳಗೆ ಎರಡನೇ ಸಲ ಹೋದರೆ ಮೂಲ ಬೇರೆಲ್ಲೋ ಇದೆ.

ಹಳೆ ಫ್ರಿಜ್‌ಗೆ ಮಾತ್ರ ಇನ್ನೊಂದು ಲೆಕ್ಕವಿದೆ, ಅದು 24 ಗಂಟೆಯೂ ಓಡುವ ಯಂತ್ರ. ಪ್ಲಗ್ ಮೀಟರ್ ಹಾಕಿ ಒಂದು ದಿನದ ಯೂನಿಟ್ ನೋಡಿ. ಉದಾಹರಣೆಗೆ ದಿನಕ್ಕೆ 1.6 ಯೂನಿಟ್ ಎಂದರೆ ವರ್ಷಕ್ಕೆ 584. ಹೊಸದರ ಲೇಬಲ್ ವರ್ಷಕ್ಕೆ 250 ಎಂದರೆ ಉಳಿತಾಯ 334 ಯೂನಿಟ್. ಅದನ್ನು ನಿಮ್ಮ ಯೂನಿಟ್ ದರದಿಂದ ಗುಣಿಸಿ, ಹೊಸದರ ಬೆಲೆಯನ್ನು ಆ ಮೊತ್ತದಿಂದ ಭಾಗಿಸಿದರೆ ಹಣ ಮರಳಲು ಎಷ್ಟು ವರ್ಷ ಬೇಕೆಂದು ಗೊತ್ತಾಗುತ್ತದೆ. ದಿನಕ್ಕೆ ಕೆಲವೇ ನಿಮಿಷ ಓಡುವ ಮಿಕ್ಸಿ, ಕೆಟಲ್‌ಗೆ ಈ ವಾದ ಮುಂದಿಟ್ಟರೆ ಅದು ಮಾರಾಟದ ಮಾತು.

ದುಬಾರಿ ಗ್ಯಾಜೆಟ್‌ನ ಪೊಟ್ಟಣ ಓದುವ ಬಗೆ

ಅಡುಗೆಮನೆಯ ಯಾವ ಗ್ಯಾಜೆಟ್ ಬಿಚ್ಚಿದರೂ ಸಿಗುವುದು ಮೂರು ನಾಲ್ಕು ವಸ್ತು: ಹೀಟರ್, ಮೋಟಾರ್, ಫ್ಯಾನ್, ಟೈಮರ್. ಇವುಗಳಲ್ಲಿ ಯಾವುದು ಈಗಾಗಲೇ ಮನೆಯಲ್ಲಿದೆ ಎಂದು ಕೇಳಿಕೊಳ್ಳಿ. ಏರ್ ಫ್ರೈಯರ್ ಎಂದರೆ ಫ್ಯಾನ್ ಇರುವ ಪುಟ್ಟ ಓವನ್; ಕನ್ವೆಕ್ಷನ್ ಓವನ್ ಇದ್ದವರಿಗೆ ಅದು ಬೇರೆ ಆಕಾರದ ಅದೇ ಯಂತ್ರ. ‘ಕ್ಷಣದಲ್ಲಿ ಕುದಿಸುವ ತಂತ್ರಜ್ಞಾನ’ದ ಕೆಟಲ್‌ಗೂ ಭೌತಶಾಸ್ತ್ರ ಒಂದೇ: ಒಂದು ಲೀಟರ್ ನೀರನ್ನು 25ರಿಂದ 100 ಡಿಗ್ರಿಗೆ ಏರಿಸಲು ಸುಮಾರು 0.087 ಯೂನಿಟ್ ಬೇಕೇ ಬೇಕು. 1500 ವಾಟಿನಲ್ಲಿ ಅದು ಮೂರೂವರೆ ನಿಮಿಷ, ನಷ್ಟ ಸೇರಿಸಿ ನಾಲ್ಕು. ನಿಮ್ಮ ಹಳೆಯದು ನಾಲ್ಕು ನಿಮಿಷದಲ್ಲಿ ಕುದಿಸುತ್ತಿದ್ದರೆ, ಅಷ್ಟೇ ವಾಟ್‌ನ ಹೊಸದು ಅದನ್ನು ಮೀರಿಸುವುದು ಸಾಧ್ಯವಿಲ್ಲ.

ಪೆಟ್ಟಿಗೆಯ ಮುಂಭಾಗದ ದೊಡ್ಡ ವಾಟ್ ಸಂಖ್ಯೆ ಕೆಲವೊಮ್ಮೆ ಕ್ಷಣಿಕ ಗರಿಷ್ಠದ್ದು. ನಂಬಬೇಕಾದ್ದು ಯಂತ್ರದ ತಳದ ಫಲಕದಲ್ಲಿರುವುದನ್ನು. ‘ಮೋಟಾರಿಗೆ 5 ವರ್ಷ ವಾರಂಟಿ’ ಎಂದರೆ ಮೋಟಾರಿಗೆ ಮಾತ್ರ. ಸವೆಯುವ ಜಾರ್, ಕಪ್ಲರ್, ಗ್ಯಾಸ್ಕೆಟ್ ಸಾಮಾನ್ಯವಾಗಿ ಅದರ ಹೊರಗೆ. ಕೊಳ್ಳುವ ಮುನ್ನವೇ ಆ ಮೂರರ ಬಿಡಿ ಬೆಲೆ ಕೇಳಿ. ಬಿಡಿಭಾಗ ಸಿಗುವುದಿಲ್ಲ ಎಂದರೆ ಆ ಯಂತ್ರ ರಿಯಾಯಿತಿಯಲ್ಲೂ ದುಬಾರಿ. ತನ್ನದೇ ಕ್ಯಾಪ್ಸೂಲ್, ತನ್ನದೇ ಫಿಲ್ಟರ್ ಬೇಡುವ ಯಂತ್ರದ ಬೆಲೆಗೆ ಮೂರು ವರ್ಷದ ಕ್ಯಾಪ್ಸೂಲ್ ಖರ್ಚನ್ನು ಸೇರಿಸಿಯೇ ಹೋಲಿಸಿ. ಫೋನಿನ ಆ್ಯಪ್ ಮೂಲಕವೇ ಓಡುವ ಯಂತ್ರ ಕಂಪನಿ ಸರ್ವರ್ ಮುಚ್ಚಿದ ದಿನ ಅರ್ಧ ಕುರುಡಾಗುತ್ತದೆ, ಗುಂಡಿ ಒತ್ತಿದರೂ ಎಲ್ಲ ಕೆಲಸ ಮಾಡುತ್ತದೆಯೇ ನೋಡಿಕೊಳ್ಳಿ.

ಸಾಕೆಟ್ಟಿಗೆ ಸಿಕ್ಕಿಸಿದರೆ ಬಿಲ್ ಇಳಿಸುತ್ತದೆ ಎನ್ನುವ ‘ಪವರ್ ಸೇವರ್’ ಡಬ್ಬಿಗಳನ್ನು ಮಾತ್ರ ಯೋಚಿಸದೆ ತಿರಸ್ಕರಿಸಬಹುದು. ಒಳಗಿರುವುದು ಒಂದು ಕೆಪಾಸಿಟರ್, ಒಂದು ಎಲ್‌ಇಡಿ ದೀಪ. ಅದು ಬದಲಿಸಬಲ್ಲದ್ದು ಪವರ್ ಫ್ಯಾಕ್ಟರನ್ನು (ಎಳೆದ ವಿದ್ಯುತ್ತಿನಲ್ಲಿ ನಿಜವಾಗಿ ಕೆಲಸಕ್ಕೆ ಬರುವ ಪಾಲು). ಮನೆಯ ಮೀಟರ್ ಲೆಕ್ಕ ಹಾಕುವುದು ನಿಜವಾಗಿ ಬಳಕೆಯಾದ ಯೂನಿಟ್‌ಗಳನ್ನು.

ಕೊನೆಗೂ ಹೊಸದನ್ನು ತಂದರೆ, ಬಂದ ದಿನವೇ ಅದರ ಅಳತೆ ತೆಗೆದಿಡಿ: ಕೆಟಲ್ ಆದರೆ ಓಮ್ ಮತ್ತು ಒಂದು ಲೀಟರ್ ಕುದಿಯಲು ಹಿಡಿದ ಸಮಯ, ಮೈಕ್ರೋವೇವ್ ಆದರೆ ಎರಡು ನಿಮಿಷಕ್ಕೆ ಏರಿದ ಡಿಗ್ರಿ, ಫ್ರಿಜ್ ಆದರೆ ದಿನದ ಯೂನಿಟ್. ದಿನಾಂಕ ಸಮೇತ ಬಿಲ್ಲಿನ ಹಿಂಭಾಗದಲ್ಲಿ ಬರೆದು, ಆ ಬಿಲ್ಲಿನ ಫೋಟೋವನ್ನೂ ತೆಗೆದಿಟ್ಟುಕೊಳ್ಳಿ. ಥರ್ಮಲ್ ಕಾಗದದ ಅಕ್ಷರ ವಾರಂಟಿಗಿಂತ ಮೊದಲೇ ಅಳಿಸಿಹೋಗುತ್ತದೆ.